ಭೂಗೋಳದ ಎಂ.ಎ.ಗೆ ಬೀದಿ ಬೀದಿ ಅಲೆದದ್ದು

ಪುಸ್ತಕ ಓದಿ ಪರೀಕ್ಷೆ ಬರೆದರೆ ಭೂಗೋಳದ ಎಂ.ಎ. ಆಗುವುದಿಲ್ಲ. ನೆಲ ಅಳೆದು ನಕ್ಷೆ ಬರೆಯಬೇಕು, ಮನೆಮನೆಗೆ ಹೋಗಿ ಸರ್ವೆ ಮಾಡಿ ಪ್ರಬಂಧ ಒಪ್ಪಿಸಬೇಕು, ಕೊನೆಗೆ ವೈವಾದಲ್ಲಿ ಕೂತು ಬೆವರಬೇಕು. ಇದೆಲ್ಲ ನಡೆಯೋದು ಜನರ ಮಧ್ಯೆ. ಜನರ ಮಧ್ಯೆ ಹೋದಮೇಲೆ ಏನಾದರೂ ಒಂದು ಆಗದೇ ಇರುತ್ತದೆಯೇ? ನಾನು ಅಜ್ಜಂಪುರದಿಂದ ದಿನಾ ಬಸ್ಸು ಹತ್ತಿ ಹೋಗಿ ಎಂ.ಎ. ಮುಗಿಸಿದವಳು. ನನಗೂ ಆಯಿತು.

ತೆಂಗಿನಕಾಯಿ

ನಾನು ಎಂ.ಎ. ಸೇರಿದ ಸುದ್ದಿ ಕೇಳಿ ಮೊದಲು ಮನೆಗೆ ಬಂದವರು ನಮ್ಮ ಬೀದಿಯ ಈರುಳ್ಳಿ ವ್ಯಾಪಾರಿ. ಕೈಯಲ್ಲಿ ತೆಂಗಿನಕಾಯಿ. ಹರಸೋಕೆ ಬಂದಿದ್ದಾರೆ ಅಂತ ಅಮ್ಮ ಕಾಫಿ ಕೊಟ್ಟರು.

"ತಗಳಮ್ಮ, ಇದನ್ನ ಅಂಗೈ ಮೇಲಿಟ್ಕೊಂಡು ನಮ್ಮ ಹೊಲದಾಗೆ ಒಂದ್ ಸುತ್ತು ನಡಿ. ಕಾಯಿ ಎದ್ದು ನಿಂತ ಕಡೆ ಬೋರ್ ಹೊಡಿಸ್ತೀನಿ."

"ಅಣ್ಣಾ, ನಾನು ಓದ್ತಿರೋದು ಭೂಗೋಳ. ನೀರಿನ ಪಾಯಿಂಟ್ ತೋರ್ಸೋಕೆ ಬರಲ್ಲ."

ಅವರು ಕಾಯಿಯನ್ನು ವಾಪಸ್ ಚೀಲಕ್ಕೆ ಹಾಕಿಕೊಂಡು ಅಮ್ಮನ ಕಡೆ ತಿರುಗಿದರು. "ಇಡೀ ಭೂಮಿ ಓದ್ತಾಳಂತೆ ಕಣಮ್ಮ, ನಮ್ಮ ಎರಡೆಕರೆ ಮಾತ್ರ ಸಿಲಬಸ್‌ನಾಗೆ ಇಲ್ವಂತೆ!"

ಬೇಲಿ

ನೆಲ ಅಳೆಯೋ ಪ್ರಾಕ್ಟಿಕಲ್‌ಗೆ ಮೇಷ್ಟ್ರು ನಮ್ಮನ್ನು ಯಗಟಿ ಹತ್ತಿರ ಒಂದು ರಾಗಿ ಹೊಲಕ್ಕೆ ಕರೆದುಕೊಂಡು ಹೋದರು. ಮೂರು ಕಾಲಿನ ಹಲಗೆ ನಿಲ್ಲಿಸಿ, ಕೆಂಪು ಬಿಳಿ ಬಣ್ಣದ ಕೋಲು ನೆಟ್ಟಿದ್ದೇ ತಡ, ಹೊಲದ ಒಡೆಯ ಓಡಿ ಬಂದ.

"ಬರ್ಕಳ್ರಿ ಮೇಡಂ, ನನ್ ತಮ್ಮ ಬೇಲಿನ ನನ್ ಹೊಲದೊಳಕ್ಕೆ ತಂದವ್ನೆ!"

"ನಾವು ಸರ್ಕಾರದೋರಲ್ಲ, ಓದೋ ಮಕ್ಕಳು" ಅಂತ ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಪಕ್ಕದ ಹೊಲದಲ್ಲಿದ್ದ ತಮ್ಮನೂ ನಂಬಲಿಲ್ಲ. ನಾವು ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡು ಬರುವಷ್ಟರಲ್ಲಿ, ಆ ತಮ್ಮ ಹೆದರಿ ಮುಳ್ಳಿನ ಬೇಲಿ ಕಿತ್ತು ಹಿಂದಕ್ಕೆ ಹಾಕಿಕೊಂಡುಬಿಟ್ಟಿದ್ದ.

ಮೇಷ್ಟ್ರು ನನ್ನ ನಕ್ಷೆ ನೋಡಿದರು, ಹೊಲ ನೋಡಿದರು. "ಬೇಲಿ ಅಲ್ಲಿದೆ, ನೀನು ಇಲ್ಲಿ ಬರ್ದಿದೀಯಲ್ಲಮ್ಮ?"

"ಸರ್, ಊಟಕ್ಕೆ ಮುಂಚೆ ಇಲ್ಲೇ ಇತ್ತು."

"ಬೆಟ್ಟ ಸರಿಯೋಕೆ ಲಕ್ಷಾಂತರ ವರ್ಷ ಬೇಕು ಅಂತ ಪಾಠ ಮಾಡಿದೀನಿ. ಬೇಲಿ ಚಿತ್ರಾನ್ನ ತಿನ್ನೋದ್ರೊಳಗೆ ಸರೀತಾ?"

ನನಗೆ ಅಂಕ ಹೋಯಿತು. ಅಣ್ಣ ಮಾತ್ರ ಎಲ್ಲರಿಗೂ ಮಜ್ಜಿಗೆ ಕೊಟ್ಟು ಕೈ ಮುಗಿದ: "ನಾಳೆನೂ ಬರ್ರಿ ಮೇಡಂ, ಆ ಕಡೆ ನಮ್ಮ ಚಿಕ್ಕಪ್ಪನ ಬೇಲಿ ಐತೆ."

ಸರ್ವೆ

ಪ್ರಬಂಧಕ್ಕೆ ನಾನು ಆರಿಸಿಕೊಂಡಿದ್ದು ತರೀಕೆರೆಯ ಒಂದು ಬೀದಿ. ಅಲ್ಲಿನ ಮನೆಗಳಲ್ಲಿ ಏನೇನು ಅನುಕೂಲ ಇದೆ ಅಂತ ಕೇಳಿ ಬರೆಯಬೇಕು. ಒಪ್ಪಿಸೋ ದಿನ ಹತ್ತಿರ ಬಂದಿತ್ತು, ಇನ್ನೂ ಅರ್ಧ ಬೀದಿ ಬಾಕಿ. ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಕೂತಿದ್ದರು. ಪೀಠಿಕೆ ಹಾಕೋಕೂ ಪುರುಸೊತ್ತಿಲ್ಲದೆ ಶುರು ಮಾಡಿದೆ.

"ಮನೇಲಿ ಎಷ್ಟು ಜನ ಅಜ್ಜಿ?"

"ನಾನು, ಮಗ, ಸೊಸೆ, ಮೊಮ್ಮಗ."

"ಮೊಮ್ಮಗ ಏನು ಓದಿದಾರೆ? ಮದುವೆ ಆಗಿದೆಯಾ?"

"ಬಿ.ಕಾಂ. ಅಡಿಕೆ ಮಂಡೀಲಿ ಕೆಲ್ಸ. ಮದ್ವೆ ಇನ್ನೂ ಇಲ್ಲ ಕಣಮ್ಮ" ಎಂದು ಅಜ್ಜಿ ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು.

"ಸ್ವಂತ ಮನೆನಾ? ನಲ್ಲಿ ನೀರು ದಿನಾ ಬರುತ್ತಾ?"

"ಸ್ವಂತದ್ದೇ. ನಲ್ಲಿ ಬರ್ದಿದ್ರೆ ಸಂಪ್ ಐತೆ, ನಿಂಗೇನೂ ತೊಂದ್ರೆ ಆಗಲ್ಲ."

ನನಗೇನು ತೊಂದರೆ ಅಂತ ಯೋಚಿಸುವಷ್ಟರಲ್ಲಿ ಅಜ್ಜಿ ಒಳಗೆ ಕೂಗಿದರು: "ಲೇ, ಕೇಸರಿಬಾತ್ ಮಾಡೇ! ಅವನಿಗೆ ಫೋನ್ ಹಾಕು!" ಆಮೇಲೆ ಮೆಲ್ಲಗೆ, "ನಿಮ್ದು ಯಾವ ಮಠದ ಕಡೆ? ಜೊತೇಲಿ ದೊಡ್ಡೋರು ಯಾರೂ ಬರ್ಲಿಲ್ವಾ?"

"ಇಲ್ಲ ಅಜ್ಜಿ, ಇದನ್ನ ನಾನೇ ಮನೆಮನೆಗೆ ಹೋಗಿ ಮಾಡ್ಬೇಕು. ಇಲ್ದಿದ್ರೆ ಡಿಗ್ರಿ ಕೊಡಲ್ಲ."

ಅಜ್ಜಿ ಗಲ್ಲಕ್ಕೆ ಕೈ ಇಟ್ಟುಕೊಂಡರು. "ಅಯ್ಯೋ ಶಿವನೇ! ಈಗ ಡಿಗ್ರಿಗೆ ಗಂಡೂ ಹುಡುಕ್ಬೇಕಾ?"

ಅಷ್ಟರಲ್ಲಿ ಮೊಮ್ಮಗ ಏದುಸಿರು ಬಿಡುತ್ತಾ ಬಂದರು. ಹೇಗೋ ವಿಷಯ ಬಿಡಿಸಿ ಹೇಳಿದೆ. ಅವರು ಕಂಬ ಹಿಡಿದುಕೊಂಡು ನಕ್ಕರು. ಆಮೇಲೆ ಬಾಕಿ ಮನೆಗಳಿಗೆ ತಾವೇ ಜೊತೆಗೆ ಬಂದು ಪರಿಚಯ ಮಾಡಿಸಿದರು. ಬಸ್ ಸ್ಟ್ಯಾಂಡಿನವರೆಗೂ ಬಂದು, "ಇನ್ನೇನಾದ್ರೂ ಕೇಳೋದಿತ್ತಾ?" ಅಂದರು. ಇತ್ತು, ಆದರೆ ಕೇಳಲಿಲ್ಲ. ಭಾನುವಾರ ಅಜ್ಜಿಯೇ ಹಿರಿಯರನ್ನು ಕಟ್ಟಿಕೊಂಡು ಅಜ್ಜಂಪುರಕ್ಕೆ ಬಂದು ಕೇಳಿದರು.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧ ತಿರುವಿ, "ಸರ್ವೆಗೆ ಜನರ ಸ್ಪಂದನೆ ಹೇಗಿತ್ತು?" ಎಂದರು. ನಾನು ಮೇಷ್ಟ್ರ ಕಡೆ ನೋಡಿದೆ.

ಪಕ್ಕದಲ್ಲಿದ್ದ ನಮ್ಮ ಮೇಷ್ಟ್ರು ಜೇಬಿನಿಂದ ನನ್ನ ಲಗ್ನಪತ್ರಿಕೆ ತೆಗೆದು ಅವರ ಮುಂದಿಟ್ಟರು.

"ಬಹಳ ಚೆನ್ನಾಗಿತ್ತು ಸರ್. ಎಲ್ಲ ಮನೆಯವರೂ ಉತ್ತರ ಕೊಟ್ಟಿದ್ದಾರೆ. ಒಂದು ಮನೆಯವರು ಒಪ್ಪಿಗೆನೂ ಕೊಟ್ಟಿದ್ದಾರೆ."