ಹದಿನಾಲ್ಕನೇ ತೊಟ್ಟಿಲು

ಮನೆಯವರನ್ನು ಒಂದು ದಿನ ಆಟದ ಪಾರ್ಕಿಗೆ ಕರೆದುಕೊಂಡು ಹೋಗಿ ಬರುವುದು ಏನು ಮಹಾ ಕೆಲಸ? ಆದರೆ ಕಿಡಿ ಮೇಸ್ತ್ರಿಯ ಪ್ರಕಾರ ಲೋಕದಲ್ಲಿ ಅದನ್ನು ಸರಿಯಾಗಿ ಮಾಡಿದ ಗಂಡಸು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ಅದು ತಾನೊಬ್ಬನೇ!

"ನೋಡ್ತಿರು, ಹೇಗೆ ಪ್ಲಾನ್ ಮಾಡ್ತೀನಿ! ದಂಡು ಕರ್ಕೊಂಡು ಹೋದ ಹಾಗೆ ಕರ್ಕೊಂಡು ಹೋಗ್ತೀನಿ. ಒಂದು ನಿಮಿಷ ಆಚೆ ಈಚೆ ಆಗಲ್ಲ!" ಎಂದು ಅವನು ಶನಿವಾರ ಸಂಜೆ ತನ್ನ ವೆಲ್ಡಿಂಗ್ ಶಾಪಿನ ನಡುವೆ ನಿಂತು ಘೋಷಿಸಿದ. ಕೇಳಿಸಿಕೊಳ್ಳಲು ಇದ್ದದ್ದು ಹೆಂಡತಿ, ಒಂಬತ್ತು ವರ್ಷದ ಮಗಳು, ಮತ್ತು ಅರ್ಧ ಮುಗಿದ ಒಂದು ಗೇಟು.

ಕಿಡಿ ಮೇಸ್ತ್ರಿ ಎಂಬುದು ಬೀದಿಯವರು ಇಟ್ಟ ಹೆಸರು. ಕೆಲಸಕ್ಕೆ ಕೂತರೆ ಕೈಯಿಂದ ಕಿಡಿ, ಎದ್ದು ನಿಂತರೆ ಬಾಯಿಂದ ಕಿಡಿ. ಇಪ್ಪತ್ತೆರಡು ವರ್ಷದಿಂದ ಗೇಟು, ಗ್ರಿಲ್ಲು, ಮೆಟ್ಟಿಲಿನ ಕಂಬಿ ಮಾಡಿಕೊಂಡು ಬಂದವನು. "ನಾನು ಹಾಕಿದ ಬೆಸುಗೆ ಬಿಟ್ಟುಕೊಂಡ ದಿನ ಭೂಮೀನೇ ಎರಡು ಹೋಳಾಗಿರುತ್ತೆ, ಆಗ ಬಂದು ಕೇಳಿ" ಎಂದು ಗಿರಾಕಿಗಳಿಗೆ ಹೇಳುವವನು. ಭೂಮಿ ಇನ್ನೂ ಒಂದೇ ಹೋಳಾಗಿ ಇರುವುದರಿಂದ ಯಾರೂ ಎದುರು ಮಾತಾಡುವಂತಿರಲಿಲ್ಲ.

ಊರಾಚೆಯ ಪಾರ್ಕಿನವರು ತಮ್ಮ ದೊಡ್ಡ ಚಕ್ರದ ಹದಿನಾರು ತೊಟ್ಟಿಲುಗಳಿಗೆ ಹೊಸ ಅಡ್ಡಕಂಬಿ ಮಾಡಿಸಿದ್ದೂ ಇವನಿಂದಲೇ. ತೊಟ್ಟಿಲಲ್ಲಿ ಕೂತವರು ಮುಂದಕ್ಕೆ ಮುಗ್ಗರಿಸದಂತೆ ಹೊಟ್ಟೆಯ ಮುಂದೆ ಬಂದು ಕೂರುವ ಕಂಬಿ ಅದು. ಕಂಬಿ ಕೊಟ್ಟು ತಿಂಗಳಾಗಿತ್ತು. ಈಗ ಪಾರ್ಕಿನಿಂದ ನಾಲ್ಕು ಪುಕ್ಕಟೆ ಪಾಸು ಬಂದಿದ್ದವು.

"ಐದು ಕೊಟ್ಟಿದ್ರೆ ನನ್ನ ತಮ್ಮನ್ನೂ ಕರ್ಕೊಂಡು ಹೋಗಬಹುದಿತ್ತು," ಎಂದಳು ಹೆಂಡತಿ ಮೆಲ್ಲಗೆ.

"ಅವನ ಸುದ್ದಿ ಎತ್ತಬೇಡ!" ಮೇಸ್ತ್ರಿ ಭುಸುಗುಟ್ಟಿದ. ಬಾಮೈದ ಆರು ವರ್ಷ ಇದೇ ಶಾಪಿನಲ್ಲಿ ಅವನ ಕೈಕೆಳಗೆ ಕೆಲಸ ಕಲಿತವನು. ತಿಂಗಳ ಹಿಂದೆ ಒಂದು ಮಧ್ಯಾಹ್ನ ಏನೋ ಬುದ್ಧಿ ಹೇಳಲು ಹೋಗಿ, ಮೇಸ್ತ್ರಿಯಿಂದ ಬಾಗಿಲಾಚೆ ದೂಡಿಸಿಕೊಂಡಿದ್ದ. ಅಂದಿನಿಂದ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ಮೇಸ್ತ್ರಿ ಕೇಳಿರಲಿಲ್ಲ. ಹೆಂಡತಿಯೂ ಹೇಳಿರಲಿಲ್ಲ.

ಮೇಸ್ತ್ರಿ ಚಾಕ್‌ಪೀಸು ತೆಗೆದುಕೊಂಡು, ಮಿಕ್ಕಿದ್ದ ಒಂದು ತಗಡಿನ ಮೇಲೆ ಯೋಜನೆ ಬರೆಯತೊಡಗಿದ. ಕಾಗದದ ಮೇಲೆ ಬರೆದರೆ ಅವನಿಗೆ ಬರೆದ ಹಾಗೇ ಅನ್ನಿಸುತ್ತಿರಲಿಲ್ಲ. ಎಂಟು ಹತ್ತಕ್ಕೆ ಬಸ್ಸು. ಒಂಬತ್ತಕ್ಕೆ ಗೇಟು. ಒಂಬತ್ತು ಐದಕ್ಕೆ ಮಕ್ಕಳ ರೈಲು. ಒಂಬತ್ತು ಇಪ್ಪತ್ತಕ್ಕೆ ಡಿಕ್ಕಿ ಕಾರು.

"ಇದರಲ್ಲಿ ಬಾತ್‌ರೂಮಿಗೆ ಹೋಗೋ ಟೈಮ್ ಎಲ್ಲಿದೆ ರೀ?"

"ಅದನ್ನ ಮನೇಲೇ ಮುಗಿಸ್ಕೊಂಡು ಬರಬೇಕು!"

"ಅತ್ತೆಗೆ ಎಪ್ಪತ್ತಮೂರು ವರ್ಷ."

"ಅಮ್ಮನಿಗೆ ಅಂತಾನೇ ಎರಡು ನಿಮಿಷ ಇಟ್ಟಿದೀನಿ. ನೋಡಿಲ್ಲಿ, ಹನ್ನೊಂದು ಮೂವತ್ತೆಂಟು."

ಮಗಳು ತಗಡನ್ನು ಮೇಲಿನಿಂದ ಕೆಳಗೆ ಓದಿದಳು. ಯಾರ ಬಾಯಿಂದ ಯಾವ ಮಾತು ಬಿದ್ದರೂ ಅದನ್ನು ನೆನಪಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಎತ್ತಿ ಕೇಳುವ ಅವಳನ್ನು ಮನೆಯಲ್ಲಿ ಲಾಯರಮ್ಮ ಎಂದೇ ಕರೆಯುತ್ತಿದ್ದರು. "ಅಪ್ಪಾ, ಜಗಳಕ್ಕೆ ಎಷ್ಟು ನಿಮಿಷ ಇಟ್ಟಿದೀಯ?"

"ಜಗಳಾನಾ? ನಾನಾ?"

"ಹೋದ ಸಲ ನಲವತ್ತು ನಿಮಿಷ ಆಗಿತ್ತು."

"ಹೋಗಿ ಮಲ್ಕೊಳೇ!"

ಭಾನುವಾರ ಬೆಳಗ್ಗೆ ಬಸ್ಸಿಗೆ ಹತ್ತಿದ್ದು ನಾಲ್ಕು ಜನ, ಎರಡು ಚೀಲ, ಒಂದು ತಗಡು. ಯೋಜನೆ ಜೊತೆಯಲ್ಲೇ ಇರಬೇಕೆಂದು ಮೇಸ್ತ್ರಿ ತಗಡನ್ನೇ ಹೊತ್ತು ತಂದಿದ್ದ! ಕಂಡಕ್ಟರು ತಗಡಿಗೂ ಟಿಕೆಟ್ ಎಂದ. ಅಲ್ಲಿ ಹತ್ತು ನಿಮಿಷ ಹೋಯಿತು. ಆಮೇಲೆ ಅದನ್ನು ಸೀಟಿಗೆ ಆನಿಸಿ ನಿಲ್ಲಿಸಿದರೆ, ಅಮ್ಮ ಅದಕ್ಕೇ ಬೆನ್ನು ಕೊಟ್ಟು ಸುಖವಾಗಿ ತೂಕಡಿಸಿದಳು. ಇಳಿಯುವಾಗ ನೋಡಿದರೆ ತಗಡು ತೊಳೆದಿಟ್ಟಂತೆ ಖಾಲಿ!

"ಅಪ್ಪಾ, ಮಕ್ಕಳ ರೈಲು ಅಜ್ಜಿ ಬೆನ್ನ ಮೇಲಿದೆ," ಎಂದಳು ಲಾಯರಮ್ಮ. "ಡಿಕ್ಕಿ ಕಾರು ಸೊಂಟದ ಹತ್ತಿರ ಇದೆ. ಎಲ್ಲಾ ತಿರುಗಾ ಮುರುಗಾ."

"ಅಮ್ಮಾ, ಅಲ್ಲಾಡಬೇಡ! ನಿಂತ್ಕೋ, ಓದ್ಕೋತೀನಿ!"

"ನನ್ನ ಬೆನ್ನೇನು ನೋಟೀಸ್ ಬೋರ್ಡೇನೋ?" ಎಂದು ಅಮ್ಮ ಬೆನ್ನು ಕೊಡವಿಕೊಂಡು ಗೇಟಿನ ಕಡೆ ನಡೆದೇಬಿಟ್ಟಳು. ಅಲ್ಲಿಗೆ ಹನ್ನೊಂದು ಮೂವತ್ತೆಂಟೂ ಗಾಳಿಗೆ ಹೋಯಿತು.

ಆಮೇಲಿನದನ್ನು ಅಮ್ಮನೇ ನಡೆಸಿದಳು. ಡಿಕ್ಕಿ ಕಾರಿಗೆ ಮೂರು ಸಲ ಹತ್ತಿದಳು. ಮೂರು ಸಲವೂ ಮಗನ ಕಾರನ್ನೇ ಹುಡುಕಿಕೊಂಡು ಬಂದು ಗುದ್ದಿದಳು. "ಚಿಕ್ಕಂದಿನಲ್ಲಿ ನಿನಗೆ ಕೊಡಬೇಕಾಗಿದ್ದು ಕಣೋ, ಬಾಕಿ ಉಳಿದಿತ್ತು," ಎಂದು ನಕ್ಕಳು. ಮೇಸ್ತ್ರಿಯ ಸೊಂಟ ಕಳಚಿ ಕೈಗೆ ಬಂದಂತಾಗಿ, ದೊಡ್ಡ ಚಕ್ರದ ಎದುರಿಗಿದ್ದ ಹಸಿರು ಬಣ್ಣದ ಬೆಂಚಿನ ಮೇಲೆ ಕುಕ್ಕರಿಸಿದ.

ಬೆಂಚು ಕಿರ್ರ್ ಎಂದು ಎಡಕ್ಕೆ ವಾಲಿತು.

ಮೇಸ್ತ್ರಿ ಎದ್ದ. ಬಗ್ಗಿದ. ಬೆಂಚಿನ ತೋಳಿನ ಕೆಳಗೆ ಬೆರಳು ಆಡಿಸಿದ. ಮುಖ ಕೆಂಪಾಯಿತು.

"ಥೂ! ಯಾವನೋ ಇದಕ್ಕೆ ವೆಲ್ಡಿಂಗ್ ಮಾಡಿದವನು? ಹಕ್ಕಿ ಹಿಕ್ಕೆ ಹಾಕಿದ ಹಾಗಿದೆ! ಇವನು ನನ್ನ ಕೈಗೆ ಸಿಗಲಿ, ಇನ್ನು ಜನ್ಮದಲ್ಲಿ ರಾಡು ಹಿಡಿಯದ ಹಾಗೆ ಕೈ ಮುರೀತೀನಿ!"

"ಯಾವ ಕೈ ಅಪ್ಪಾ?" ಎಂದಳು ಲಾಯರಮ್ಮ.

"ಬಲಗೈ! ಇದು ಕೆಲಸ ಬರದವನು ಮಾಡಿದ್ದಲ್ಲ ಕಣೇ, ಅದಕ್ಕೇ ಹೊಟ್ಟೆ ಉರಿಯೋದು. ಕೆಲಸ ಬರುತ್ತೆ ಇವನಿಗೆ. ಆದ್ರೆ ಕೋಪದಲ್ಲಿ ಮಾಡಿದಾನೆ."

"ಅದು ಹೇಗೆ ಗೊತ್ತಾಗುತ್ತೆ ರೀ?" ಹೆಂಡತಿ ಯಾಕೋ ಬಹಳ ಆಸಕ್ತಿಯಿಂದ ಕೇಳಿದಳು.

"ಗೊತ್ತಾಗದೆ ಏನು? ಬೆಸುಗೆ ಅಂದ್ರೆ ಇರುವೆ ಸಾಲು ಹೋದ ಹಾಗೆ ಹೋಗಬೇಕು, ಒಂದರ ಹಿಂದೆ ಒಂದು. ಕೋಪ ಇದ್ದಾಗ ಕೈ ತಡೆಯಲ್ಲ, ಓಡುತ್ತೆ. ಮೇಲೆ ಗುಡ್ಡೆ ಕೂರುತ್ತೆ, ಒಳಗೆ ಹಿಡಿದಿರಲ್ಲ. ನೋಡೋಕೆ ಗಟ್ಟಿ, ಜೋರಾಗಿ ಒಂದು ಒದ್ದರೆ ಬಿಟ್ಕೊಳ್ಳುತ್ತೆ."

"ಅಪ್ಪಾ, ನಿನಗೂ ಕೋಪ ಬರುತ್ತಲ್ಲ, ಆಗ ನೀನು ಮಾಡಿದ್ದೆಲ್ಲ ಎಲ್ಲಿದೆ?"

ಮೇಸ್ತ್ರಿ ಮತ್ತೆ ಬೆಂಚಿನ ತೋಳಿನ ಕೆಳಗೆ ಬೆರಳು ಇಟ್ಟ. ಅಷ್ಟರಲ್ಲಿ ಅಮ್ಮ, "ಚಕ್ರದ ಹತ್ತಿರ ಸಾಲು ಬೆಳೀತಿದೆ, ನಡೀರಿ ನಡೀರಿ," ಎಂದು ಸೊಸೆ ಮೊಮ್ಮಗಳನ್ನು ಎಳೆದುಕೊಂಡು ಹೊರಟಳು.

ಮೇಸ್ತ್ರಿಗೆ ತಿಂಗಳ ಹಿಂದಿನ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ಹನ್ನೆರಡು ಕಂಬಿ ಮುಗಿದಿತ್ತು. ಹದಿಮೂರನೆಯದನ್ನು ಕೈಗೆತ್ತಿಕೊಂಡಾಗ ಯಾವುದೋ ಗಿರಾಕಿಯ ಮೇಲಿನ ಸಿಟ್ಟು ತಲೆಗೇರಿತ್ತು. ಬಾಮೈದ, "ಭಾವ, ಕೋಪದಲ್ಲಿ ರಾಡು ಹಿಡೀಬೇಡಿ, ನೀವೇ ತಾನೆ ಹೇಳಿಕೊಟ್ಟಿದ್ದು. ಇವತ್ತಿಗೆ ಸಾಕು, ನಾಳೆ ಮಾಡೋಣ," ಎಂದಿದ್ದ. ಮೇಸ್ತ್ರಿ ಅವನನ್ನು ಬಾಗಿಲಾಚೆ ದೂಡಿದ. ಆಮೇಲೆ ಒಬ್ಬನೇ ಕೂತು ಮಿಕ್ಕ ನಾಲ್ಕು ಕಂಬಿಗಳನ್ನು ಅರ್ಧ ಗಂಟೆಯಲ್ಲಿ ಚಚ್ಚಿಹಾಕಿದ! ಕಂಬಿಯ ಅಡಿಯಲ್ಲಿ ಅದು ಎಷ್ಟನೇ ತೊಟ್ಟಿಲಿನದು ಎಂಬ ನಂಬರನ್ನೂ ಅವನೇ ಗುದ್ದಿದ್ದ. ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು.

ಸೊಂಟದ ನೋವು ಎಲ್ಲಿ ಹೋಯಿತೋ! ಮೇಸ್ತ್ರಿ ಓಡಿದ.

ಚಕ್ರದವನು ತೊಟ್ಟಿಲನ್ನು ಒಂದೊಂದಾಗಿ ಇಳಿಸಿ ಜನರನ್ನು ಹತ್ತಿಸುತ್ತಿದ್ದ. ಹನ್ನೊಂದನೇ ತೊಟ್ಟಿಲು ತುಂಬಿತು. ಸಾಲಿನಲ್ಲಿ ಮುಂದುಗಡೆಯೇ ಇವನ ಮನೆಯವರು. ಅವರ ಮುಂದೆ ಇಬ್ಬರು ಪುಟಾಣಿಗಳನ್ನು ಹಿಡಿದುಕೊಂಡಿದ್ದ ಗಂಡ ಹೆಂಡತಿ.

"ಲೇ, ಬಾ ಈಚೆ! ಮೋಡ ಆಗಿದೆ, ಮಳೆ ಬರುತ್ತೆ!"

ಹೆಂಡತಿ ತಲೆ ಎತ್ತಿ ನೋಡಿದಳು. ಆಕಾಶದಲ್ಲಿ ಹತ್ತಿಯೆಳೆಯಷ್ಟೂ ಮೋಡವಿರಲಿಲ್ಲ.

"ಅಮ್ಮಾ, ಎತ್ತರ ಹೋದ್ರೆ ನಿನಗೆ ತಲೆ ಸುತ್ತುತ್ತೆ!"

"ನಿನ್ನ ಮಾತು ಕೇಳಿಯೇ ದಿನಾ ಸುತ್ತುತ್ತಪ್ಪ, ಇದೇನು ಹೊಸದಾ?"

ಹನ್ನೆರಡು ತುಂಬಿತು. ಹದಿಮೂರು ಇಳಿಯಿತು. ಆ ಇಬ್ಬರು ಪುಟಾಣಿಗಳು ಕಾಲಿಟ್ಟೇಬಿಟ್ಟವು. ತನ್ನವರಾಗಲಿ, ಬೇರೆಯವರಾಗಲಿ, ಬಿದ್ದರೆ ಬಿದ್ದಂತೆಯೇ ಅಲ್ಲವೆ! ಮೇಸ್ತ್ರಿ ನುಗ್ಗಿ ಹೋಗಿ ಎರಡನ್ನೂ ಎರಡು ಕಂಕುಳಿಗೆ ಇರುಕಿಕೊಂಡು ಕೆಳಗೆ ತಂದ. ಅವು ಕಿಟಾರನೆ ಕಿರುಚಿದವು. ಅವುಗಳ ತಂದೆ ಮೇಸ್ತ್ರಿಯ ಅಂಗಿ ಹಿಡಿದ. ತಾಯಿ ಛತ್ರಿ ಎತ್ತಿದಳು. ಈ ರಂಪದಲ್ಲಿ ಹದಿಮೂರು ಖಾಲಿಯೇ ಮೇಲೆ ಹೋಯಿತು, ಹದಿನಾಲ್ಕು ಇಳಿಯಿತು. ಅಮ್ಮ, ಹೆಂಡತಿ, ಲಾಯರಮ್ಮ ಮೂವರೂ ಅದರಲ್ಲಿ ಕೂತು, ಕಂಬಿ ಹಾಕಿಸಿಕೊಂಡು, ಟಾಟಾ ಮಾಡುತ್ತಾ ಮೇಲೆ ಹೊರಟೇ ಹೋದರು!

"ನಿಲ್ಸೋ! ಚಕ್ರ ನಿಲ್ಸೋ!"

ಧ್ವನಿವರ್ಧಕದಲ್ಲಿ ಪಾರ್ಕಿನ ಹಾಡು ಅಬ್ಬರಿಸುತ್ತಿತ್ತು. ಚಕ್ರದವನು ಕಿವಿಗೆ ಕೈ ಇಟ್ಟುಕೊಂಡ. "ಭಯ ಆದ್ರೆ ಕೆಳಗೇ ಕೂತಿರಿ ಯಜಮಾನ್ರೇ, ನಾಚಿಕೆ ಏನಿಲ್ಲ!"

"ಭಯ ನನಗಲ್ಲಯ್ಯಾ! ಆ ಕಂಬಿ ವೆಲ್ಡಿಂಗ್ ಸರಿ ಇಲ್ಲ!"

"ಯಾರು ಹೇಳಿದ್ದು?"

"ನಾನು!"

"ನೀವ್ಯಾರು?"

ಮೇಸ್ತ್ರಿ ಸುತ್ತ ನೆರೆದವರನ್ನು ಒಮ್ಮೆ ನೋಡಿದ. ಇಪ್ಪತ್ತೆರಡು ವರ್ಷದ ಹೆಸರು! ಬೀದಿಯವರು, ಗಿರಾಕಿಗಳು, ಪಾರ್ಕಿನವರು! ಮೇಲೆ ನೋಡಿದ. ತೊಟ್ಟಿಲು ತುದಿ ತಲುಪಿತ್ತು. ಲಾಯರಮ್ಮ ಕಂಬಿಯ ಮೇಲೆ ಎರಡೂ ಕೈ ಊರಿ ಕೆಳಗೆ ಬಗ್ಗಿದ್ದಳು.

"ಅದನ್ನ ಮಾಡಿದವನು ನಾನೇ!" ಮೇಸ್ತ್ರಿ ಇದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ. ಸರಿಯಾಗಿ ಆ ಕ್ಷಣಕ್ಕೆ ಹಾಡು ಮುಗಿಯಿತು. "ಹದಿಮೂರರಿಂದ ಹದಿನಾರು, ನಾನೇ ಮಾಡಿದ್ದು! ಕೋಪದಲ್ಲಿ ಮಾಡಿದ್ದು! ನನ್ನ ಕೆಲಸ ಸರಿ ಇಲ್ಲ! ಇಳಿಸ್ರೋ ನನ್ನ ಮಗೂನ!"

ಇಡೀ ಪಾರ್ಕು ಇವನ ಕಡೆ ನೋಡಿತು. ತಿರುಗುತ್ತಿದ್ದ ಮರದ ಕುದುರೆಗಳೂ ಕಿವಿ ನೆಟ್ಟಗೆ ಮಾಡಿಕೊಂಡಂತೆ ಕಂಡಿತು. ಪುಟಾಣಿಗಳ ತಂದೆ ಹಿಡಿದ ಅಂಗಿಯನ್ನು ಬಿಟ್ಟ. ತಾಯಿ ಎತ್ತಿದ ಛತ್ರಿಯನ್ನು ಇಳಿಸಿದಳು.

ಚಕ್ರ ಮೆಲ್ಲಗೆ ತಿರುಗಿ ಹದಿನಾಲ್ಕನೇ ತೊಟ್ಟಿಲು ಕೆಳಗೆ ಬಂತು. ಮೇಸ್ತ್ರಿ ಮಗಳನ್ನು ಎತ್ತಿಕೊಂಡು ಒಂದು ಗಳಿಗೆ ಬಿಡಲೇ ಇಲ್ಲ. ಅಷ್ಟರಲ್ಲಿ ಪಾರ್ಕಿನ ಮೆಕ್ಯಾನಿಕ್ಕು ಸುತ್ತಿಗೆ ಹಿಡಿದು ಓಡಿಬಂದ. ಮೇಸ್ತ್ರಿ ಕಣ್ಣುಜ್ಜಿಕೊಂಡ. ಸಾಕ್ಷಾತ್ ಬಾಮೈದ!

"ನೀನಾ? ಇಲ್ಲಿ?"

"ನೀವು ಆಚೆಗೆ ದೂಡಿದ ಮಾರನೇ ದಿನದಿಂದ ಇಲ್ಲೇ ಭಾವ."

ಮಾತಾಡುವ ಹೊತ್ತಲ್ಲ. ಮೇಸ್ತ್ರಿ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಕಂಬಿಯ ಬೆಸುಗೆಗೆ ಒಂದು ಬಿಟ್ಟ. ಠಣ್! ಇನ್ನೊಂದು. ಠಣ್! ಮೂರನೆಯದಕ್ಕೆ ಸುತ್ತಿಗೆಯ ತಲೆಯೇ ಕಳಚಿ ಹಾರಿ ನೀರಿನ ತೊಟ್ಟಿಗೆ ಬಿತ್ತು. ಕಂಬಿ ಮಾತ್ರ ಕೂದಲೆಳೆಯಷ್ಟೂ ಬಿರಿಯಲಿಲ್ಲ.

ಜನ ಚಪ್ಪಾಳೆ ಹೊಡೆದರು. ನೋಡನೋಡುತ್ತಿದ್ದಂತೆ ಮೇಸ್ತ್ರಿಯ ಎದೆ ಮತ್ತೆ ಹಿಗ್ಗಿತು. ಬೆಸುಗೆಯ ಮೇಲೆ ಬೆರಳಾಡಿಸಿದ. "ನೋಡ್ರಪ್ಪಾ ನೋಡ್ರಿ! ಇರುವೆ ಸಾಲು! ಕೋಪದಲ್ಲಿ ಮಾಡಿದ್ರೇ ಹೀಗೆ, ಇನ್ನು ಸಮಾಧಾನದಲ್ಲಿ ಮಾಡಿದ್ರೆ ಹೇಗಿರಬೇಡ! ಇದು ಕೈ ಅಂದ್ರೆ!"

ಬಾಮೈದ ಕೆಮ್ಮಿದ. "ಭಾವ, ಸ್ವಲ್ಪ ಈಚೆ ಬನ್ನಿ."

"ಏನು ಈಚೆ? ಎಲ್ಲರ ಮುಂದೆ ಹೇಳು!"

"ನಿಮ್ಮ ಹನ್ನೆರಡು ಕಂಬಿ ಚೆನ್ನಾಗಿತ್ತು, ಹಾಗೇ ಹಾಕಿದೀವಿ. ಕೊನೇ ನಾಲ್ಕನ್ನ ನೋಡಿದ ತಕ್ಷಣ ಗೊತ್ತಾಯ್ತು. ಅವತ್ತಿನ ಸಿಟ್ಟು ಹಾಗೇ ಕಾಣ್ತಿತ್ತು. ಅದಕ್ಕೆ ಈ ನಾಲ್ಕನ್ನ ನಾನೇ ಹೊಸದಾಗಿ ಮಾಡಿದೆ. ನೀವು ಕಲಿಸಿದ ಹಾಗೇ."

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಮಗು, ಅತ್ತೆ ಇಬ್ಬರನ್ನೂ ಕೂರಿಸ್ಕೊಂಡು ಹತ್ತುತ್ತಿದ್ನಾ?"

ಮೇಸ್ತ್ರಿ ಬಾಮೈದನ ಹೆಗಲ ಮೇಲೆ ಕೈ ಹಾಕಿದ. ತೆಗೆದ. ಮತ್ತೆ ಹಾಕಿದ. "ನಾಳೆಯಿಂದ ಶಾಪಿಗೆ ಬಾ," ಎಂದ. ಕೂಗದೆಯೇ ಎಂದ. ಆಮೇಲೆ ಇದ್ದ ಒಂದು ಅನುಮಾನವನ್ನೂ ಮೆಲ್ಲಗೆ ಕೇಳಿದ. "ನನ್ನ ನಾಲ್ಕನ್ನ ಏನು ಮಾಡಿದೆ? ಗುಜರಿಗೆ ಹಾಕಿದೆಯಾ?"

"ಛೆ ಛೆ! ನಿಮ್ಮ ಕೈಕೆಲಸ ಭಾವ, ಬಿಸಾಕೋಕೆ ಮನಸ್ಸು ಬರಲಿಲ್ಲ. ಕತ್ತರಿಸಿ, ನಿಮ್ಮ ಬೆಸುಗೆ ಇದ್ದ ಕಡೆ ಹಾಗೇ ಉಳಿಸ್ಕೊಂಡು, ಹಸಿರು ಬಣ್ಣ ಹೊಡೆದು, ಅಲ್ಲಿ ಒಂದು ಬೆಂಚ್ ಮಾಡಿದೀನಿ."

ಎಲ್ಲರೂ ಬೆಂಚಿನ ಕಡೆ ನೋಡಿದರು. ಬೆಂಚು ಎಡಕ್ಕೆ ವಾಲಿಕೊಂಡು ಸುಮ್ಮನೆ ಕೂತಿತ್ತು. ಬಾಮೈದ ಹೋಗಿ ಅದರ ತೋಳಿನಡಿಯ ಬಣ್ಣವನ್ನು ಬೀಗದ ಕೈಯಿಂದ ಕೆರೆದ. ಒಳಗಿಂದ ಮೇಸ್ತ್ರಿಯೇ ಗುದ್ದಿದ್ದ ನಂಬರು ಮೇಲೆದ್ದಿತು. ಹದಿನಾಲ್ಕು.

ಲಾಯರಮ್ಮ ಅಪ್ಪನ ಕೈ ಹಿಡಿದುಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಅಪ್ಪಾ, ಬಲಗೈ ಅಂದಿದ್ದೆ ಅಲ್ವಾ? ಇದೇ ತಾನೆ?"