ಉಳಿದದ್ದೆಲ್ಲ ನನಗೆ

ನಾನು ಊಟ ಮಾಡುವುದು ಬಹಳ ಕಡಿಮೆ. ಈ ಮಾತನ್ನು ನನ್ನನ್ನು ನೋಡದವರು ನಂಬುತ್ತಾರೆ, ನೋಡಿದವರು ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ಆದರೂ ಸುಳ್ಳಲ್ಲ. ತಾಟಿಗೆ ಬಡಿಸಿಕೊಳ್ಳುವುದು ಎರಡು ರೊಟ್ಟಿ, ಒಂದು ಸೌಟು ಪಲ್ಯ, ಒಂದು ಹಿಡಿ ಅನ್ನ. ಮಿಕ್ಕಿದ್ದನ್ನು ನಾನು ಊಟವೆಂದು ಎಣಿಸಿಯೇ ಇರಲಿಲ್ಲ. ಮಗ ಬಿಟ್ಟೆದ್ದ ಅರ್ಧ ರೊಟ್ಟಿ, ಯಜಮಾನರು ಸಾಕೆಂದು ಸರಿಸಿದ ಮೊಸರನ್ನ, ಬೋಗುಣಿಯ ತಳದಲ್ಲಿ ಎಣ್ಣೆಯೊಳಗೆ ಈಜುತ್ತಿರುವ ಬದನೆಕಾಯಿ, ನಾಳೆಗೆ ಹಳಸಿಹೋಗುವ ಬೇಳೆ, ಇವೆಲ್ಲ ನನ್ನ ಲೆಕ್ಕದಲ್ಲಿ ಪಾತ್ರೆ ತೊಳೆಯುವ ಕೆಲಸದ ಮೊದಲ ಭಾಗ.

ಇದು ತವರಿನಿಂದ ಬಂದ ಬಳುವಳಿ. ದೇವದುರ್ಗದಲ್ಲಿ ನನ್ನವ್ವ ಬೇರೆಯವರ ಹೊಲದಲ್ಲಿ ಹತ್ತಿ ಬಿಡಿಸಿ ನಮ್ಮನ್ನು ಓದಿಸಿದವಳು. ಮಕ್ಕಳಾದ ನಾವು ಉಂಡೆದ್ದ ಮೇಲೆ ಪಾತ್ರೆಯಲ್ಲಿ ಏನಿದೆಯೋ ಅದೇ ಅವಳ ಊಟ. ಒಂದೊಂದು ದಿನ ಏನೂ ಇರುತ್ತಿರಲಿಲ್ಲ. ಈಗ ನಾನು ಸರ್ಕಾರಿ ಶಾಲೆಯ ಟೀಚರು, ರಾಯಚೂರಿನಲ್ಲಿ ಮನೆಯಿದೆ, ಮನೆಯಲ್ಲಿ ಫ್ರಿಜ್ಜಿದೆ. ಆದರೂ ಉಳಿದ ಅನ್ನ ಕಂಡರೆ ಕೈ ತಾನಾಗಿ ಹೋಗುತ್ತದೆ. ಅವ್ವ ಉಳಿದದ್ದನ್ನೇ ಉಂಡಳು. ನಾನು ಉಂಡ ಮೇಲೆ ಉಳಿದದ್ದನ್ನೂ ಉಂಡೆ. ವ್ಯತ್ಯಾಸ ಇಷ್ಟೇ, ಆದರೆ ಈ ಇಷ್ಟು ಎಷ್ಟೆಂಬುದು ನನ್ನ ಮೈಮೇಲೆ ಎದ್ದು ಕಾಣುತ್ತಿತ್ತು.

ಗುಂಜಹಳ್ಳಿಯ ಶಾಲೆಗೆ ನಾನು ಹೋಗುವ ಟಂಟಂ ಆಟೋದವನು ನನ್ನನ್ನು ಕಂಡ ಕೂಡಲೇ ಇಬ್ಬರನ್ನು ಎಬ್ಬಿಸಿ ನಟ್ಟನಡುವೆ ಕೂಡಿಸುತ್ತಿದ್ದ. ಟೀಚರಿಗೆ ಸಲ್ಲಿಸುವ ಗೌರವವೆಂದು ಬಹಳ ದಿನ ತಿಳಿದಿದ್ದೆ. ಒಮ್ಮೆ ಅವನೇ ಸಂಕೋಚವಿಲ್ಲದೆ ಹೇಳಿದ: "ನೀವು ನಡುವ ಕುಂತ್ರ ಗಾಡಿ ಸೀದಾ ಹೊಕ್ಕದ ನೋಡ್ರಿ ಟೀಚರ್. ಬಾಜೂಕ ಕುಂತ್ರ ನನಗ ಹ್ಯಾಂಡಲ್ ಹಿಡಿಯೋದು ಕಷ್ಟ."

ಇದನ್ನೆಲ್ಲ ನಾನು ನಕ್ಕು ಮರೆಯುತ್ತಿದ್ದೆ. ಮಾನ್ವಿಗೆ ಕೊಟ್ಟ ಮಗಳು ಸುಮಂಗಲಾ ಬಸುರಿಯಾಗಿ, ಒಂದು ದಿನ ಫೋನಿನಲ್ಲಿ ಮೆತ್ತಗೆ ಕೇಳುವವರೆಗೆ.

"ಯವ್ವಾ, ಕೂಸಿಗೆ ಎರಿಯೋದು ನಿನಗ ಆಗ್ತದೇನು? ಇಲ್ಲಂದ್ರ ನಮ್ಮತ್ತಿ ಬಂದು ಎರೀತೀನಿ ಅಂತಾರ."

ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ಮಣೆ ಹಾಕಿಕೊಂಡು, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ ಹದವಾದ ಬಿಸಿನೀರು ಹಾಕುವುದು. ಚೊಚ್ಚಲ ಬಾಣಂತನ ತವರಿನವರದು. ನನ್ನ ಮನೆಯಲ್ಲಿ, ನನ್ನ ಬಚ್ಚಲಲ್ಲಿ, ನನ್ನ ಮೊಮ್ಮಗುವಿಗೆ ಬೀಗತಿ ಬಂದು ಎರೆಯುವುದೇ? ಬೀಗತಿ ಶರಣಮ್ಮನವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಕಡ್ಡಿಯಂತೆ ಇದ್ದಾರೆ, ನೆಲದಲ್ಲಿ ಕೂತು ಕೈ ಊರದೆ ಏಳುತ್ತಾರೆ. ಅದನ್ನು ನಾನು ಎಂದೂ ಕ್ಷಮಿಸಿರಲಿಲ್ಲ.

ಅಂದೇ ಬಚ್ಚಲಲ್ಲಿ ಮಣೆ ಹಾಕಿ ಕೂತು ನೋಡಿದೆ. ಕೂರುವುದೇನೋ ಆಯಿತು, ಭೂಮಿತಾಯಿಯೇ ಎಳೆದುಕೊಂಡಳು. ಎಬ್ಬಿಸಲು ಯಜಮಾನರು ಒಂದು ರಟ್ಟೆ, ಮಗ ಇನ್ನೊಂದು ರಟ್ಟೆ ಹಿಡಿದರು. ಎರಡು ಸಲ ಸೋತ ಮೇಲೆ ಯಜಮಾನರು ಏದುಸಿರು ಬಿಡುತ್ತಾ, "ಕೂಸು ಹುಟ್ಟೋತನಕ ಇಲ್ಲೇ ಕುಂತುಬಿಡು, ಮತ್ತ ಕೂಡೋ ತ್ರಾಸರ ತಪ್ಪತದ" ಎಂದರು. ತೂಕದ ಯಂತ್ರದ ಮೇಲೆ ನಿಂತರೆ ಅದರ ಮುಳ್ಳು ಪೂರ್ತಿ ಒಂದು ಸುತ್ತು ಹಾಕಿ, ಸೊನ್ನೆಯನ್ನು ದಾಟಿ ನಿಂತಿತು. ಯಜಮಾನರು ಬಗ್ಗಿ ನೋಡಿ, "ನಾಕು ಕಿಲೋ. ಹುಟ್ಟೋ ಕೂಸಿಗಿಂತ ಒಂಚೂರು ಜಾಸ್ತಿ ಅಷ್ಟೆ" ಎಂದರು. ನಗಬೇಕೆಂದುಕೊಂಡೆ, ಅಳು ಬಂತು.

ಮರುದಿನದಿಂದ ಉಪವಾಸ ಹಿಡಿದೆ. ನಿಂಬೆಹಣ್ಣಿನ ನೀರು, ಮತ್ತೆ ನಿಂಬೆಹಣ್ಣಿನ ನೀರು. ಸಕ್ಕರೆ ಕಾಯಿಲೆಯ ಗುಳಿಗೆ ಮಾತ್ರ ತಪ್ಪದೆ ನುಂಗುತ್ತಿದ್ದೆ. ವಾರ ತುಂಬುವ ಮೊದಲೇ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಕೈ ನಡುಗಿ, ಬೆವರು ಕಿತ್ತು, ಕಣ್ಣು ಕತ್ತಲೆ ಬಂದು ಕುಸಿದೆ. ಯಾರೋ ಬಾಯಿಗೆ ಸಕ್ಕರೆ ಹಾಕಿದರು. ಸಂಜೆ ಯಜಮಾನರು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವಳು, ಬೈಯುವುದರಲ್ಲಿ ಮಾತ್ರ ನನ್ನವ್ವನ ವಯಸ್ಸು.

"ಗುಳಿಗಿ ನುಂಗಿ ಉಪಾಸ ಇರ್ತಾರೇನಮ್ಮಾ? ಜೀವಕ್ಕ ಏನರ ಆಗಿದ್ರ? ದಿನಾ ಏನೇನು ಉಣ್ತೀರಿ, ಹೇಳ್ರಿ."

"ಎರಡು ರೊಟ್ಟಿ, ಒಂಚೂರು ಪಲ್ಯ, ಹಿಡಿ ಅನ್ನ."

ಮನೆಯಲ್ಲಿ ಉಪ್ಪು ಬೇಕಾದರೂ ಕೈಸನ್ನೆ ಮಾಡುವ ಯಜಮಾನರು ಅಂದು ಬಾಯಿ ಬಿಟ್ಟರು. "ಆಮ್ಯಾಲೆ ನಮ್ಮೆಲ್ಲರ ತಾಟು ತೊಳೀತಾಳ್ರೀ ಮೇಡಂ. ನೀರು ಮುಟ್ಟಸಂಗಿಲ್ಲ."

ಡಾಕ್ಟರಮ್ಮ ನಗಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆಯ ಪ್ರಮಾಣ ಬದಲಿಸಿ, ಇನ್ನು ಮುಂದೆ ತನ್ನನ್ನು ಕೇಳದೆ ಊಟವನ್ನಾಗಲಿ ಗುಳಿಗೆಯನ್ನಾಗಲಿ ಬಿಡಕೂಡದು ಎಂದಳು. ಹೊತ್ತು ಹೊತ್ತಿಗೆ ಉಣ್ಣಬೇಕು. ಅರ್ಧ ತಾಟು ಪಲ್ಯ ಸೊಪ್ಪು, ಕಾಳು, ತೆಳ್ಳನೆಯ ಮಜ್ಜಿಗೆ, ಒಂದು ರೊಟ್ಟಿ. ಮೊದಲು ಕುರ್ಚಿಯ ಮೇಲೆ ಕೂತೇ ಕಾಲು ಎತ್ತಿ ಇಳಿಸಬೇಕು, ಆಮೇಲೆ ಮಾತಾಡುತ್ತಾ ನಡೆಯಲಾಗುವಷ್ಟು ನಡಿಗೆ, ದಮ್ಮು ಕಟ್ಟಿದರೆ, ಎದೆ ಹಿಡಿದರೆ ನಿಲ್ಲಬೇಕು. "ಹೆರಿಗಿ ಹೊತ್ತಿಗೆ ಸಣ್ಣ ಆಗ್ತೀನೇನ್ರೀ?" ಎಂದು ಕೇಳಿದೆ. "ಸಣ್ಣ ಆಗಂಗಿಲ್ಲ. ಹಗುರ ಆಗ್ತೀರಿ. ಮೊಣಕಾಲಿಗೆ ಅಷ್ಟಾದ್ರ ಸಾಕು" ಎಂದಳು.

ಎಲ್ಲ ಸರಿ, ಉಳಿದದ್ದನ್ನು ಏನು ಮಾಡುವುದು? ಚೆಲ್ಲಲು ಹೋದರೆ ಅವ್ವ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದಳು. ನಮ್ಮ ಓಣಿಯ ಕೊನೆಯಲ್ಲಿ ಒಂದು ಎಮ್ಮೆ ಕಟ್ಟುತ್ತಾರೆ. ಅದರ ಒಡೆಯರನ್ನು ಕೇಳಿ, ಉಳಿದದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡು ದಿನಾ ಸಂಜೆ ಅಲ್ಲಿಗೆ ನಡೆದೆ. ಮೊದಲ ದಿನಗಳಲ್ಲಿ ದಾರಿಯಲ್ಲಿ ಮೂರು ಮನೆಗಳ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ. ಮೂರೂ ಮನೆಯವರು ಚಹಾ ಕೊಡಲು ಬರುತ್ತಿದ್ದರು, ಅದೇ ದೊಡ್ಡ ಪರೀಕ್ಷೆ. ಬರಬರುತ್ತಾ ಕಟ್ಟೆಗಳು ತಪ್ಪಿದವು. ಎಮ್ಮೆ ನನ್ನ ಹೆಜ್ಜೆಯ ಸಪ್ಪಳ ಗುರುತಿಸಿ ಕಿವಿ ನಿಗುರಿಸತೊಡಗಿತು. ನನ್ನ ಹಳೆಯ ಹುದ್ದೆಯನ್ನು ಅದು ನನಗಿಂತ ಚೆನ್ನಾಗಿ ನಿಭಾಯಿಸುತ್ತಿತ್ತು. ಇತ್ತ ಮನೆಯಲ್ಲಿ ಕುರ್ಚಿಯಿಂದ ಸ್ಟೂಲಿಗೆ, ಸ್ಟೂಲಿನಿಂದ ಮಣೆಗೆ ಇಳಿಯುವ ಅಭ್ಯಾಸ ನಡೆದಿತ್ತು.

ಮಗಳು ಹೆಣ್ಣು ಹೆತ್ತಳು. ಹೊಕ್ಕುಳ ಬಳ್ಳಿ ಉದುರಿ, ಡಾಕ್ಟರಮ್ಮ ಎರೆಯಬಹುದು ಎಂದ ದಿನ ಶರಣಮ್ಮನವರು ಮಾನ್ವಿಯಿಂದ ಎಣ್ಣೆ ಬಾಟಲಿ ಸಮೇತ ಬಂದಿಳಿದರು. "ಅಕ್ಕಾರ, ನಿಮಗ ತ್ರಾಸ ಆಗ್ತದ, ಸರೀರಿ, ನಾ ಎರೀತೀನಿ" ಎಂದರು. ನಾನು ಮಣೆ ಎಳೆದುಕೊಂಡು ಕೂತು, ಕಾಲು ಚಾಚಿ, ಕೈ ನೀಡಿದೆ. ಕೂಸನ್ನು ಕೊಡದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಮೊದಲ ಚೆಂಬು ನೀರಿಗೆ ಕಿರುಚಿದ ಕೂಸು ಎರಡನೆಯದಕ್ಕೆ ಸುಮ್ಮನಾಯಿತು. ಶರಣಮ್ಮನವರು ನೋಡುತ್ತಲೇ ಇದ್ದು, "ನಮ್ಮ ಕಾಲಾಗ ಎಲುಬು ಚುಚ್ಚತಾವ್ರೀ ಅಕ್ಕಾರ. ನಿಮ್ಮವು ಗಾದಿ ಇದ್ದಂಗ ಅದಾವ" ಎಂದರು. ಜೀವಮಾನದಲ್ಲಿ ನನ್ನ ಮೈಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಕೂಸನ್ನು ಅವರ ಕೈಗಿತ್ತು, ಗೋಡೆಗೆ ಒಂದು ಕೈ ಊರಿ, ಯಾರೂ ರಟ್ಟೆ ಹಿಡಿಯದೆ ನಾನೇ ಎದ್ದು ನಿಂತೆ. ಕಣ್ಣು ತುಂಬಿತು. ಮಿಂದ ಕೂಸಿಗೆ ಹಿಡಿಯುವ ಲೋಬಾನದ ಹೊಗೆ ಎಂದೆ, ಲೋಬಾನ ಇನ್ನೂ ಹಚ್ಚಿರಲಿಲ್ಲ.

ಈಗ ಮೊಮ್ಮಗಳಿಗೆ ಹಲ್ಲು ಬರುತ್ತಿದೆ, ಮಗಳು ಮೊನ್ನೆ ಕರೆದುಕೊಂಡು ಬಂದಿದ್ದಳು. ತೂಕದಲ್ಲಿ ಅದು ಏರುತ್ತಿದೆ, ನಾನು ಇಳಿಯುತ್ತಿದ್ದೇನೆ. ಅದು ಏರಿದ್ದಕ್ಕೆ ಓಣಿಗೆಲ್ಲ ಪೇಡೆ ಹಂಚುತ್ತಾರೆ, ನಾನು ಇಳಿದದ್ದಕ್ಕೆ ಒಬ್ಬರೂ ಒಂದು ಚಹಾ ಕುಡಿಸಿಲ್ಲ. ಆ ದಿನ ಮಗಳು ಅದಕ್ಕೆ ಮೆತ್ತನೆಯ ಅನ್ನ ಬೇಳೆ ಕಲಸಿ, ತುಪ್ಪ ಹಾಕಿ ಉಣ್ಣಿಸಿದ್ದಳು. ಬಟ್ಟಲಲ್ಲಿ ಸ್ವಲ್ಪ ಉಳಿದಿತ್ತು. ಎಮ್ಮೆಗೆ ಒಯ್ಯಲು ಅದು ತೀರಾ ಕಡಿಮೆ, ಚೆಲ್ಲಲು ತೀರಾ ಜಾಸ್ತಿ.

"ಯವ್ವಾ, ಅಡಿಗಿಮನಿಯಾಗ ಏನು ಮಾಡಾಕತ್ತಿ?" ಮಗಳು ಪಡಸಾಲೆಯಿಂದ ಕೂಗಿದಳು.

"ಕೂಸಿನ ಅನ್ನ ಬಿಸಿ ಅದನೋ ಆರೇದೋ ಅಂತ ನೋಡಾಕತ್ತೀನವ್ವಾ" ಎಂದೆ.

ಕೂಸು ಉಂಡು ಮಲಗಿ ಆಗಲೇ ಒಂದು ತಾಸಾಗಿತ್ತು.