ಯೀಸ್ಟ್ ನಳಿಕೆಗಳಿಗೆ ವಿಭೂತಿ ಹಚ್ಚುವ ಕುರಿತು

ವಂಶವಾಹಿ ನಕಲು ವಿಭಾಗ, ದಾವಣಗೆರೆ
ಸಂಖ್ಯೆ: ವಂನವಿ/ಯೀಸ್ಟ್/ವಿಭೂತಿ/07/1998-99
ದಿನಾಂಕ: 5.10.1998

ವಿಷಯ: ಆಯುಧಪೂಜೆಯಂದು ಯೀಸ್ಟ್ ವಂಶವಾಹಿಗಳು ಅನಾಮಧೇಯವಾದ ಬಗ್ಗೆ.
ಉಲ್ಲೇಖ: ಸಂಶೋಧಕಿ ಕು. ರಶ್ಮಿತಾ ಅವರ ಅಳು, ದಿನಾಂಕ 3.10.1998.

ಯೀಸ್ಟ್‌ನ ಒಂದೊಂದು ವಂಶವಾಹಿಯನ್ನೂ ಯಂತ್ರದಲ್ಲಿ ನಕಲಿಸಿ, ಹೆಚ್ಚಿಸಿ, ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಫ್ರೀಜರ್‌ನ ನಳಿಕೆಗಳಲ್ಲಿಟ್ಟು, ಯಾವುದರ ಕೆಲಸ ಏನೆಂದು ಕಂಡುಹಿಡಿಯುವ ಯೋಜನೆಯಲ್ಲಿ ಈ ವಿಭಾಗದ ಪಾಲನ್ನು ರಶ್ಮಿತಾ ಅವರು ಹರಿಹರದಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು ಮುಗಿಸಿದ್ದರು. ಅವರ ಪಿಎಚ್.ಡಿ. ಈ ನಳಿಕೆಗಳ ಮೇಲೆಯೇ ನಿಂತಿತ್ತು. ಅಷ್ಟರಲ್ಲಿ ಅಟೆಂಡರ್ ಅಕ್ಕನಾಗಮ್ಮನವರು ಪ್ರತಿ ನಳಿಕೆಯ ಮಂಜನ್ನು ಸೆರಗಿನಿಂದ ಒರೆಸಿ, ಒದ್ದೆ ವಿಭೂತಿಯ ಮೂರು ಪಟ್ಟೆ ಎಳೆದಿದ್ದು, ಮಾರ್ಕರ್‌ನಲ್ಲಿ ಬರೆದ ಹೆಸರುಗಳೆಲ್ಲ ಶಿವನ ಪಾದ ಸೇರಿರುತ್ತವೆ. ಸದರಿ ವಂಶವಾಹಿಗಳು ಒಳಗೆ ಕ್ಷೇಮವಾಗಿದ್ದರೂ ಯಾವುದು ಯಾವುದೆಂದು ಆ ಶಿವನೇ ಬಲ್ಲ. ಆದ್ದರಿಂದ ಎಲ್ಲ ಸಿಬ್ಬಂದಿಯ ಗಮನಕ್ಕೆ ತರಲಾಗಿದೆ:

1. ವಿಭೂತಿಯನ್ನು ಯಂತ್ರಕ್ಕೆ ಮಾತ್ರ ಹಚ್ಚತಕ್ಕದ್ದು. ಅದರ ಮುಚ್ಚಳದ ಮೇಲಿನ ಚೆಂಡುಹೂವನ್ನು ಯಂತ್ರ ಬಿಸಿಯಾಗುವ ಮೊದಲೇ ತೆಗೆಯತಕ್ಕದ್ದು. ಬೆಂದ ಹೂವಿನ ವಾಸನೆ ಇನ್ನೂ ಹೋಗಿರುವುದಿಲ್ಲ.

2. ಬೂದುಗುಂಬಳವನ್ನು ಫ್ರೀಜರ್ ಮುಂದೆ ಒಡೆಯಬಾರದು. ಒಡೆದದ್ದರ ಮೇಲೆ ಜಾರಿಬಿದ್ದ ಗುಮಾಸ್ತ ಬಸವಪ್ರಭು ಅವರ ಸೊಂಟವನ್ನು ಕರ್ತವ್ಯದ ಮೇಲಿರುವುದಾಗಿ ಪರಿಗಣಿಸಲಾಗಿದೆ.

3. ಯೀಸ್ಟ್‌ನ ಗಾಳಿ ತಾಗಿದರೆ ಬೇಗ ಹುಳಿ ಬರುತ್ತದೆಂದು ಪ್ರಯೋಗಾಲಯದಲ್ಲಿ ದೋಸೆಹಿಟ್ಟು ಇಡುವುದನ್ನು ನಿಷೇಧಿಸಿದೆ. ಮಂಗಳವಾರದ ದೋಸೆ ಚೆನ್ನಾಗಿತ್ತು ಎಂಬುದು ಬೇರೆ ಮಾತು.

4. ಕೆಳಸಹಿದಾರರು ಕಾರಣ ಕೇಳಲಾಗಿ ಅಕ್ಕನಾಗಮ್ಮನವರು, “ಎಲ್ಲಾದಕ್ಕೂ ಹಚ್ಚಮ್ಮ, ಒಂದೂ ಬಿಡಬ್ಯಾಡ ಅಂದೋರು ನೀವಾ ಅಲ್ರೀ ಸಾರ್?” ಎಂದಿರುತ್ತಾರೆ. ಈ ಹೇಳಿಕೆ ನಿಜವಾಗಿರುವುದರಿಂದ ಕಡತಕ್ಕೆ ಸೇರಿಸಿಲ್ಲ.

5. ಅವರನ್ನು ಕೆಲಸದಿಂದ ತೆಗೆಯುವ ಆದೇಶಕ್ಕೆಂದು ಕೆಳಸಹಿದಾರರು ಪೆನ್ನಿನ ಕ್ಯಾಪ್ ತೆಗೆದಾಗ, ರಶ್ಮಿತಾ ಅವರು ಮೂಗೊರೆಸಿಕೊಂಡು, “ಬ್ಯಾಡ್ರೀ ಸಾರ್. ನನ್ನ ಕೆಲ್ಸ ಚೆನ್ನಾಗಿ ಆಗ್ಲಿ ಅಂತ ಆಯಮ್ಮ ಉಪಾಸ ಇದ್ದು ಹಚ್ಚೈತೆ. ಹೋದ್ರೆ ಹೋಗ್ಲಿ ಬಿಡ್ರಿ, ಇನ್ನೊಂದ್ಸಲ ಮಾಡ್ತೀನಿ” ಎಂದಿರುತ್ತಾರೆ. ಪೆನ್ನಿಗೆ ಮತ್ತೆ ಕ್ಯಾಪ್ ಹಾಕಲಾಗಿದೆ.

6. ಎಲ್ಲ ವಂಶವಾಹಿಗಳನ್ನೂ ಮೊದಲಿನಿಂದ ನಕಲಿಸತಕ್ಕದ್ದು. ಅಲ್ಲಿಯವರೆಗೆ ಪಿಎಚ್.ಡಿ. ಅವಧಿಯನ್ನು ವಿಸ್ತರಿಸಲು ಕೆಳಸಹಿದಾರರೇ ವಿಶ್ವವಿದ್ಯಾಲಯಕ್ಕೆ ಹೋಗಿ ಕೈಮುಗಿಯತಕ್ಕದ್ದು.

7. ಮುಂದಿನ ಆಯುಧಪೂಜೆಗೆ ಅಕ್ಕನಾಗಮ್ಮನವರು ವಿಭೂತಿಯನ್ನು ರಶ್ಮಿತಾ ಅವರ ಹಣೆಗೇ ಹಚ್ಚತಕ್ಕದ್ದು. ಅಲ್ಲಿ ಬರೆದದ್ದು ಎಷ್ಟು ಒರೆಸಿದರೂ ಹೋಗುವುದಿಲ್ಲವೆಂದು ಹಿರಿಯರ ಅಭಿಪ್ರಾಯವಿರುತ್ತದೆ.

ಸಹಿ/-
(ವಾಮದೇವಪ್ಪ)
ವಿಭಾಗದ ಮುಖ್ಯಸ್ಥರು

ಪ್ರತಿಗಳು:
1. ಕು. ರಶ್ಮಿತಾ, ಹರಿಹರ: ಅಳಿಸದ ಮಾರ್ಕರ್ ಒಂದನ್ನು ಲಗತ್ತಿಸಿದೆ.
2. ಶ್ರೀ ಬಸವಪ್ರಭು, ಆನೆಕೊಂಡ: ಮಲಗಿರುವಲ್ಲಿಗೇ.
3. ಶ್ರೀಮತಿ ಅಕ್ಕನಾಗಮ್ಮ: ಓದಿ ಹೇಳತಕ್ಕದ್ದು. ಐದನೆಯದನ್ನು ಎರಡು ಸಲ.